ಫ್ರೀಜರ್ ಇನ್ನೆಷ್ಟು ಹೊತ್ತು ತಡೆಯುತ್ತದೆ

"ಬೊಬ್ಬೆ ಹಾಕುವ ಮಿಷನ್ ನಂಗೆ ಬೇಡ, ಅದು ಈಗಲೇ ಒಂದು ಉಂಟು" ಎಂದರು ಸಿಸ್ಟರ್. "ಕರೆಂಟ್ ಹೋದ್ರೆ ಕೂಗ್ತದೆ. ಕೂಗಿದ ಮೇಲೆ ನಾನು ಎಂತ ಮಾಡುದು? ಹಾಲು ಇನ್ನೆಷ್ಟು ಹೊತ್ತು ತಡೀತದೆ ಅಂತ ಹೇಳುವ ಮಿಷನ್ ಕೊಡಿ ನೀವು."

ನಾವಿಬ್ಬರೂ ಮುಂಬೈಯ ಸಾಂತಾಕ್ರೂಜ್‌ನ ಒಂದು ಆಸ್ಪತ್ರೆಯಲ್ಲಿ, ಸಿಸ್ಟರ್ ನೋಡಿಕೊಳ್ಳುವ ತಾಯಿಹಾಲಿನ ಬ್ಯಾಂಕಿನಲ್ಲಿ ನಿಂತಿದ್ದೆವು. ಬ್ಯಾಂಕ್ ಎಂದರೆ ದೊಡ್ಡದೇನಲ್ಲ. ಒಂದು ಕೋಣೆ, ಹಾಲು ಕಾಯಿಸುವ ಒಂದು ಯಂತ್ರ, ಎರಡು ಡೀಪ್ ಫ್ರೀಜರ್. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳು ಪಕ್ಕದ ವಾರ್ಡಿನಲ್ಲಿ ಗಾಜಿನ ಪೆಟ್ಟಿಗೆಗಳೊಳಗೆ ಇರುತ್ತವೆ. ಕೆಲವು ಕೂಸುಗಳ ತಾಯಂದಿರಿಗೆ ಹಾಲು ಇಳಿದಿರುವುದಿಲ್ಲ, ಕೆಲವರು ತಾವೇ ಐಸಿಯುನಲ್ಲಿರುತ್ತಾರೆ. ಅಂಥ ಕೂಸುಗಳಿಗೆ ಬೇರೆ ತಾಯಂದಿರು ಕೊಟ್ಟ ಹಾಲೇ ಆಧಾರ. ಕೊಟ್ಟ ಹಾಲು ಮೊದಲು ಹಸಿಯಾಗಿ ಒಂದು ಫ್ರೀಜರಿನಲ್ಲಿ ಕೂರುತ್ತದೆ. ಕೊಟ್ಟವಳ ರಕ್ತದ ರಿಪೋರ್ಟ್ ಸರಿ ಬಂದ ಮೇಲೆ ಅದನ್ನು ಕಾಯಿಸಿ, ಲ್ಯಾಬಿಗೆ ಕಳಿಸಿ, ಪಾಸಾದದ್ದನ್ನು ಎರಡನೆಯ ಫ್ರೀಜರಿಗೆ ಹಾಕುತ್ತಾರೆ. ಆ ಎರಡನೆಯದನ್ನು ಸಿಸ್ಟರ್ 'ತಯಾರು' ಎಂದೇ ಕರೆಯುತ್ತಿದ್ದರು. ಮೊದಲನೆಯದು 'ಹಸಿ'.

ನಾನು ಬೈಕುಲ್ಲಾದ ಗಲ್ಲಿಯೊಂದರಲ್ಲಿ ಕಂಟ್ರೋಲ್ ಪ್ಯಾನೆಲ್ ಮಾಡುವ ಸಣ್ಣ ವರ್ಕ್‌ಶಾಪಿನಲ್ಲಿ ಪ್ರೋಗ್ರಾಂ ಬರೆಯುವವಳು. ಈ ಫ್ರೀಜರುಗಳಿಗೆ ಪಿಎಲ್‌ಸಿ ಇರುವ ಪ್ಯಾನೆಲ್ ಮಾಡಿಕೊಡುವ ಕೆಲಸ ನಮಗೆ ಸಿಕ್ಕಿತ್ತು. ಪಿಎಲ್‌ಸಿ ಎಂದರೆ ಕಾರ್ಖಾನೆಗಳಲ್ಲಿ ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್. ಪಂಪು, ಬಾಯ್ಲರ್, ಲಿಫ್ಟು, ಇಂಥವಕ್ಕೆ ಬರೆದು ಬರೆದು ಕೈ ಪಳಗಿತ್ತು. ಅಲ್ಲಿ ಬೇಕಾಗುವುದು ಹೆಚ್ಚೆಂದರೆ ಕೂಡಿಸು, ಕಳೆ, ಭಾಗಿಸು. ಗಣಿತದ ಸೂಚನೆಗಳ ಪಟ್ಟಿಯಲ್ಲಿ ಕೆಳಗೆ ಎಲ್‌ಎನ್ ಎಂದು ಒಂದಿರುತ್ತದೆ, ನ್ಯಾಚುರಲ್ ಲಾಗರಿದಮ್. ಅದನ್ನು ನಾನು ಕೆಲಸದಲ್ಲಿ ಒಮ್ಮೆಯೂ ಮುಟ್ಟಿರಲಿಲ್ಲ.

ಸಿಸ್ಟರ್ ಕೇಳಿದ್ದಕ್ಕೆ ಉತ್ತರ ಆ ಸೂಚನೆಯಲ್ಲೇ ಇತ್ತು. ಕರೆಂಟ್ ಹೋದ ಫ್ರೀಜರ್ ಒಂದೇ ವೇಗದಲ್ಲಿ ಬಿಸಿಯಾಗುವುದಿಲ್ಲ. ಒಳಗೂ ಹೊರಗೂ ಅಂತರ ಹೆಚ್ಚಿದ್ದಾಗ ಬೇಗ ಏರುತ್ತದೆ, ಅಂತರ ಕಡಿಮೆಯಾದಂತೆ ನಿಧಾನವಾಗುತ್ತದೆ. ಹೀಗೆ ಬಾಗುವ ಗೆರೆಯನ್ನು ನೇರ ಮಾಡಿಕೊಡುವುದು ಲಾಗ್. ಕೋಣೆಯ ಉಷ್ಣತೆಯಿಂದ ಫ್ರೀಜರಿನದನ್ನು ಕಳೆಯಬೇಕು. ಅದೇ ಕೋಣೆಯ ಉಷ್ಣತೆಯಿಂದ ಹಾಲು ದಾಟಬಾರದ ಮಿತಿಯನ್ನೂ ಕಳೆಯಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಬಂದದ್ದರ ಎಲ್‌ಎನ್ ತೆಗೆದು, ಆ ಫ್ರೀಜರಿನ ಟೈಮ್ ಕಾನ್‌ಸ್ಟೆಂಟಿನಿಂದ ಗುಣಿಸಿದರೆ ಉಳಿದಿರುವ ಹೊತ್ತು ಸಿಗುತ್ತದೆ. ಟೈಮ್ ಕಾನ್‌ಸ್ಟೆಂಟ್ ಎಂದರೆ, ಬಿಸಿಗೆ ಆ ಪೆಟ್ಟಿಗೆ ಎಷ್ಟು ಮೊಂಡು ಎನ್ನುವುದರ ಅಳತೆ. ಮಿತಿಯನ್ನು ಮಕ್ಕಳ ವಾರ್ಡಿನ ಡಾಕ್ಟರ್ ಹಾಕಿಕೊಟ್ಟರು: ಮೈನಸ್ ಐದು. ಅದಕ್ಕಿಂತ ಮೇಲೆ ಹೋಗಿ ಬಾಟಲಿಯ ಅಂಚು ಕರಗತೊಡಗಿದರೆ ಆ ಹಾಲನ್ನು ಕೂಸಿಗೆ ಕೊಡುವಂತಿಲ್ಲ.

ನಮ್ಮ ಮಾಲೀಕರಿಗೆ ಇದು ಹಿಡಿಸಲಿಲ್ಲ. "ಅರೇ, ಹೂಟರ್ ಲಗಾ ದೋ, ಖತಮ್ ಕರೋ" ಎಂದರು; ಕೂಗುವ ಹಾರ್ನ್ ಒಂದನ್ನು ಹಾಕಿ ಮುಗಿಸು ಎಂದು. ಅವರು ಕೊಟ್ಟಿದ್ದ ಪಿಎಲ್‌ಸಿ ಪೂರ್ಣಾಂಕಗಳನ್ನು ಬಿಟ್ಟು ಬೇರೇನನ್ನೂ ಅರಿಯದ ಅಗ್ಗದ ಮಾದರಿ. ದಶಮಾಂಶ ಗೊತ್ತಿಲ್ಲದ ಯಂತ್ರಕ್ಕೆ ಲಾಗ್ ಎಲ್ಲಿಂದ ಬರಬೇಕು? ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದು ಕೊನೆಗೆ ಅದರ ಮೇಲಿನ ಮಾದರಿಯನ್ನು ತರಿಸಿದರು.

ಮೊದಲ ಸಲ ಪ್ರೋಗ್ರಾಂ ಓಡಿಸಿದಾಗ ಪರದೆಯಲ್ಲಿ ಅಸಂಬದ್ಧ ಅಂಕಿ ಬಂತು. ಸೆನ್ಸರಿನಿಂದ ಬರುವ ಉಷ್ಣತೆ ಹತ್ತುಪಟ್ಟು ಮಾಡಿದ ಪೂರ್ಣಾಂಕ. ಅದನ್ನು ದಶಮಾಂಶಕ್ಕೆ ತಿರುಗಿಸಿ, ಹತ್ತರಿಂದ ಭಾಗಿಸಿ, ಆಮೇಲೆ ಲೆಕ್ಕಕ್ಕೆ ಕೊಡಬೇಕು. ಅದನ್ನು ಸರಿಮಾಡಿದ ಮೇಲೆ ಇನ್ನೊಂದು ಕಂಡಿತು, ಅದು ನಿಜವಾಗಿಯೂ ಹೆದರಿಸುವಂಥದ್ದು. ಫ್ರೀಜರಿನ ಸೆನ್ಸರ್ ಸರಿಯಿದೆಯೇ ನೋಡೋಣವೆಂದು ವರ್ಕ್‌ಶಾಪಿನ ಮೇಜಿನ ಮೇಲೆ ಅದರ ವೈರು ಕಿತ್ತೆ. ಓದಿಕೆ ಕೋಣೆಯದನ್ನೂ ದಾಟಿ ಎಲ್ಲೋ ಆಕಾಶಕ್ಕೆ ಏರಿತು, ಭಾಗಾಕಾರದ ಉತ್ತರ ಸೊನ್ನೆಗಿಂತ ಕೆಳಗೆ ಹೋಯಿತು. ಋಣ ಸಂಖ್ಯೆಗೆ ಲಾಗ್ ಇಲ್ಲ. ಎಲ್‌ಎನ್ ಸೂಚನೆ ಕೆಲಸ ನಿಲ್ಲಿಸಿತು, ಆದರೆ ಹಾಗೆಂದು ಯಾರಿಗೂ ಹೇಳಲಿಲ್ಲ. ಅದು ಕೊನೆಯದಾಗಿ ಬರೆದಿದ್ದ ಉತ್ತರ ಪರದೆಯ ಮೇಲೆ ಹಾಗೇ ನಿಂತಿತ್ತು. ನೋಡಿದವರಿಗೆ, ಇನ್ನೂ ಬೇಕಾದಷ್ಟು ಹೊತ್ತಿದೆ ಅನ್ನಿಸಬೇಕು, ಹಾಗೆ.

ಅಂದು ಬೇರೆ ಕೆಲಸ ಮಾಡಲಿಲ್ಲ. ಲಾಗಿಗೆ ಹೋಗುವ ಮೊದಲು ಎರಡೂ ಅಂತರಗಳು ಸೊನ್ನೆಗಿಂತ ಮೇಲಿವೆಯೇ ಎಂದು ಪರೀಕ್ಷಿಸುವ ಸಾಲು ಸೇರಿಸಿದೆ. ಇಲ್ಲದಿದ್ದರೆ ಅಂಕಿಯನ್ನೇ ಅಳಿಸಿ 'ಲೆಕ್ಕ ಸಿಗುತ್ತಿಲ್ಲ' ಎಂದು ಕೆಂಪಕ್ಷರದಲ್ಲಿ ಬರುವಂತೆ ಮಾಡಿದೆ. ಮತ್ತೆ ಮತ್ತೆ ವೈರು ಕಿತ್ತು, ಕೆಂಪಕ್ಷರ ಬರುತ್ತದೆಂದು ಖಾತ್ರಿಯಾದ ಮೇಲೆಯೇ ಪ್ಯಾನೆಲ್ಲಿನ ಬಾಗಿಲು ಹಾಕಿದ್ದು.

ಟೈಮ್ ಕಾನ್‌ಸ್ಟೆಂಟ್ ಕಂಡುಹಿಡಿಯುವುದು ಆಸ್ಪತ್ರೆಯಲ್ಲೇ ಆಗಬೇಕಿತ್ತು. ಹಾಲನ್ನು ಒಂದು ಫ್ರೀಜರಿಗೆ ಒಟ್ಟುಮಾಡಿ, ಖಾಲಿಯಾದದ್ದರಲ್ಲಿ ನೀರು ತುಂಬಿದ ಅದೇ ಬಗೆಯ ಬಾಟಲಿಗಳನ್ನು ಗಟ್ಟಿಯಾಗುವವರೆಗೆ ಇಟ್ಟು, ಪ್ಲಗ್ ತೆಗೆದು ಕಾಯುವುದು. ಅಂತರದ ಲಾಗನ್ನು ಆಗಾಗ ಪಿಎಲ್‌ಸಿಯೇ ಉಳಿಸಿಕೊಳ್ಳುತ್ತಿತ್ತು, ಅದರ ಇಳಿಜಾರಿನಿಂದ ಲೆಕ್ಕ. ಪೂರ್ತಿ ತುಂಬಿದ ಫ್ರೀಜರ್, ಅರ್ಧ ತುಂಬಿದ್ದಕ್ಕಿಂತ ಎರಡು ಪಟ್ಟಿಗೂ ಮಿಗಿಲಾಗಿ ತಡೆಯಿತು. ಖಾಲಿ ಫ್ರೀಜರ್ ಬಹುಬೇಗ ಕೈಕೊಟ್ಟಿತು. ಹಾಗಾಗಿ ಪರದೆಯ ಮೇಲೆ ಮೂರು ಗುಂಡಿ ಇಟ್ಟೆ: ಭರ್ತಿ, ಅರ್ಧ, ಖಾಲಿ. ಫ್ರೀಜರಿನಲ್ಲಿ ಎಷ್ಟಿದೆ ನೋಡಿ ಸಿಸ್ಟರ್ ಒತ್ತಬೇಕು.

ಹೀಗೆ ಕಾಯುತ್ತಾ ಕೂತ ದಿನಗಳಲ್ಲೇ ಆ ಹೆಣ್ಣುಮಗಳನ್ನು ನೋಡಿದ್ದು.

ಅವಳು ಯಾದಗಿರಿ ಕಡೆಯವಳು. ದಹಿಸರ್‌ನಲ್ಲಿ ಏಳುತ್ತಿದ್ದ ಬಿಲ್ಡಿಂಗ್ ಒಂದರಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕಿದ್ದರು. ಏಳು ತಿಂಗಳಿಗೇ ಹೆರಿಗೆಯಾಗಿ, ಕೂಸು ಈ ವಾರ್ಡಿನಲ್ಲೇ ಕೆಲವು ದಿನ ಇದ್ದು ತೀರಿಕೊಂಡಿತ್ತು. ಕಾಗದಪತ್ರಕ್ಕೆಂದು ಬಂದವಳು ಹಾಲಿನ ಬ್ಯಾಂಕಿನ ಹೊರಗಿನ ಬೆಂಚಿನ ಮೇಲೆ ಎರಡೂ ಕೈ ಎದೆಗೆ ಅಡ್ಡ ಹಿಡಿದು ಕೂತಿದ್ದಳು. ರವಿಕೆ ಒದ್ದೆಯಾಗಿತ್ತು.

ಸಿಸ್ಟರ್ ಮಂಗಳೂರು ಕಡೆಯವರು. ಅವಳ ಹತ್ತಿರ ಹೋಗಿ ಏನೋ ಮಾತಾಡಿ ಬಂದು ನನ್ನನ್ನು ಕರೆದರು. "ಸ್ವಲ್ಪ ಬನ್ನಿ ಮಾರಾಯ್ರೆ. ಅವಳ ಕನ್ನಡ ನಂಗೆ ಅರ್ಧ ತಿಳಿಯುದಿಲ್ಲ, ನಂದು ಅವಳಿಗೆ ಪೂರ್ತಿ ತಿಳಿಯುದಿಲ್ಲ."

ನಮ್ಮ ಮನೆಯಲ್ಲಿ ಕಲಬುರಗಿಯ ಮಾತು. ಪಕ್ಕದಲ್ಲಿ ಕೂತು, ಎದೆ ನೋಯ್ತದೇನು ತಂಗಿ ಎಂದು ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಕಲ್ಲಾಗ್ಯಾವ್ರಿ ಅಕ್ಕಾರ. ಹಿಂಡಿ ಹಿಂಡಿ ಮೋರ್ಯಾಗ ಚೆಲ್ಲಾಕತ್ತೀನಿ. ಚೆಲ್ಲಿದಷ್ಟೂ ಬರ್ತಾವ. ಕೂಸಿಲ್ಲಂತ ಇವಕ್ಕ ಯಾರ್ ಹೇಳಬೇಕ್ರಿ?"

ಸಿಸ್ಟರ್ ಹೇಳಿಕೊಟ್ಟಂತೆ ನಾನು ಹೇಳಿದೆ. ಚೆಲ್ಲುವ ಬದಲು ಇಲ್ಲಿ ಕೊಡಬಹುದು. ನೋವಾಗದಂತೆ ಪಂಪಿನಿಂದ ತೆಗೆಯುತ್ತಾರೆ. ಒಮ್ಮೆಗೇ ನಿಲ್ಲಿಸಿದರೆ ಗಡ್ಡೆ ಕಟ್ಟುತ್ತದೆ, ಸ್ವಲ್ಪಸ್ವಲ್ಪವೇ ಕಡಿಮೆ ಮಾಡುತ್ತಾರೆ. ರಕ್ತ ಪರೀಕ್ಷೆ ಮಾಡುತ್ತಾರೆ, ಒತ್ತಾಯವಿಲ್ಲ. ಕೊನೆಗೆ, ಅದು ಸಿಸ್ಟರ್ ಹೇಳಿದ್ದೋ ನಾನೇ ಸೇರಿಸಿದ್ದೋ ನೆನಪಿಲ್ಲ, "ನಿನ್ನ ಹಾಲು ಬ್ಯಾರೆ ಕೂಸಿನ ಹೊಟ್ಟಿಗಿ ಹೋಗ್ತದ ತಂಗಿ" ಎಂದೆ.

ಅವಳು ಸೆರಗನ್ನು ಒದ್ದೆ ರವಿಕೆಯ ಮೇಲೆ ಎಳೆದುಕೊಂಡಳು. ಆಮೇಲೆ ಎದ್ದು ಸಿಸ್ಟರ್ ಹಿಂದೆ ಒಳಗೆ ಹೋದಳು.

ಮುಂದೆ ಕೆಲವು ದಿನ ಅವಳು ದಹಿಸರಿನಿಂದ ಲೋಕಲ್ ಹಿಡಿದು ಬಂದು ಹೋಗುತ್ತಿದ್ದಳು. ನನ್ನ ಪರೀಕ್ಷೆ ನಡೆಯುತ್ತಿದ್ದಾಗ ಎದುರಾದರೆ "ಅರಾಮೇನ್ರಿ" ಎನ್ನುತ್ತಿದ್ದಳು, ಅಷ್ಟೇ. ಅವಳ ಬಾಟಲಿಗಳು ಹಸಿ ಫ್ರೀಜರಿಗೆ ಹೋಗುತ್ತಿದ್ದವು. ರಿಪೋರ್ಟ್ ಇನ್ನೂ ಬಂದಿರಲಿಲ್ಲ.

ಪ್ಯಾನೆಲ್ ಗೋಡೆಗೆ ಕೂತಿತು. ಸಿಸ್ಟರ್ ಒಂದೆರಡು ಸಲ ಪ್ಲಗ್ ಕಿತ್ತು, ಪರದೆಯ ಮೇಲೆ ಗಂಟೆ ನಿಮಿಷ ಇಳಿಯುವುದನ್ನು ನೋಡಿ, "ಈಗ ಸರಿ ಆಯ್ತು ನೋಡಿ" ಎಂದರು. ಮಾಲೀಕರು ಬಿಲ್ಲು ಕಳಿಸಿದರು. ನನ್ನ ಮಟ್ಟಿಗೆ ಅಲ್ಲಿಗೆ ಕೆಲಸ ಮುಗಿಯಬೇಕಿತ್ತು.

ಮುಂದಿನ ವಾರವೇ, ಮಳೆ ಜೋರಾದ ಮೇಲೆ, ಸೆನ್ಸರ್‌ಗಳನ್ನು ಒಮ್ಮೆ ತಾಳೆ ನೋಡಲು ಹೋಗಬೇಕಾಯಿತು. ಬೆಳಿಗ್ಗೆ ಹೊರಟಾಗ ಸಾಧಾರಣ ಮಳೆ. ಆಸ್ಪತ್ರೆ ತಲುಪಿ ಕೆಲಸ ಅರ್ಧವಾಗುವಷ್ಟರಲ್ಲಿ ಕಿಟಕಿಯಾಚೆ ಏನೂ ಕಾಣದಂತಾಯಿತು. ಲೋಕಲ್ ನಿಂತಿದೆ ಎಂದು ಯಾರೋ ಹೇಳಿದರು. ರಸ್ತೆಯ ನೀರು ಗೇಟು ದಾಟಿ ಒಳಗೆ ಬಂತು. ಮಧ್ಯಾಹ್ನದ ಊಟದ ಹೊತ್ತಿಗೆ ದೀಪ ಆರಿದವು, ಎಸಿಯ ಸದ್ದು ನಿಂತಿತು, ಎರಡೂ ಫ್ರೀಜರುಗಳ ಸದ್ದೂ ನಿಂತಿತು.

ಜನರೇಟರ್ ಚಾಲೂ ಆಗುತ್ತದೆಂದು ಕಾದೆವು. ಆಗಲಿಲ್ಲ. ಆಸ್ಪತ್ರೆಯ ಎಲೆಕ್ಟ್ರಿಷಿಯನ್, ಬಿಜಾಪುರದ ಕಡೆಯ ವಯಸ್ಸಾದ ಸಾಹೇಬರು, ಸೊಂಟದವರೆಗೆ ತೊಯ್ದುಕೊಂಡು ಮೇಲೆ ಬಂದರು.

"ಮೀಟರ್ ರೂಮಿಗೆ ನೀರ್ ಹೊಕ್ಕದ, ಜನರೇಟರ್ ಮುಳುಗ್ಯದ" ಎಂದರು. "ನೀರ್ ಇಳಿಯೂತನಕ ಲೈನ್ ಕೊಡಂಗಿಲ್ಲಂತ ಕಂಪನಿಯವ್ರು. ಸಣ್ಣ ಜನರೇಟರ್ ಒಂದು ಮ್ಯಾಲಿನ ಮಾಳಿಗೀ ಒಳಗ ಇತ್ತು, ಅದನ್ನ ಕೂಸುಗಳ ವಾರ್ಡಿಗಿ ಹಾಕೀವಿ. ಮಿಷಿನ್ ಮ್ಯಾಲ ಉಸಿರಾಡಾಕತ್ತಾವಲ್ಲ ಅವು. ಅದರ ಮ್ಯಾಲ ಫ್ರೀಜರ್ ಹಚ್ಚಿದ್ರ ಕೂತುಬಿಡ್ತದ ಮೇಡಂ. ನಾ ಹಚ್ಚಂಗಿಲ್ಲ."

ಪ್ಯಾನೆಲ್ ಮಾತ್ರ ತನ್ನ ಪುಟ್ಟ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಹಸಿ ಫ್ರೀಜರ್ ಹೆಚ್ಚುಕಡಿಮೆ ಭರ್ತಿಯಿತ್ತು, ಅದರ ಮುಂದೆ ದೊಡ್ಡ ಅಂಕಿ. ತಯಾರು ಫ್ರೀಜರ್ ಅರ್ಧವೂ ಇರಲಿಲ್ಲ. ಆ ವಾರ ವಾರ್ಡಿನಲ್ಲಿ ಕೂಸುಗಳು ಹೆಚ್ಚಾಗಿ ಹಾಲು ಬೇಗ ಖರ್ಚಾಗಿತ್ತು. ಅದರ ಅಂಕಿ ಸಂಜೆಯವರೆಗೆ ಸಾಕಾಗುವಷ್ಟಿತ್ತು, ಅಷ್ಟೇ. ಎಸಿ ನಿಂತು ಕೋಣೆ ಬಿಸಿಯಾಗುತ್ತಿದ್ದಂತೆ ಅದು ಗಡಿಯಾರಕ್ಕಿಂತ ಬೇಗ ಇಳಿಯತೊಡಗಿತು. ಲೆಕ್ಕದ ಪ್ರಕಾರ ಅದು ಸರಿಯೇ. ಕೋಣೆಯ ಉಷ್ಣತೆ ಏರಿದರೆ ಆ ಭಾಗಾಕಾರದ ಉತ್ತರ ಒಂದರ ಹತ್ತಿರಕ್ಕೆ ಬರುತ್ತದೆ, ಒಂದರ ಲಾಗ್ ಸೊನ್ನೆ. ವರ್ಕ್‌ಶಾಪಿನಲ್ಲಿ ಕೂತು ಬರೆದಾಗ ಇದೇ ನನಗೆ ಇಷ್ಟವಾಗಿತ್ತು, ಎಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತದೆ ಎಂದು.

ಡಾಕ್ಟರ್ ಬಂದು ಪರದೆಯ ಮುಂದೆ ನಿಂತರು. ಮರಾಠಿಯವರು, ನನ್ನ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದರು. ಈ ಅಂಕಿಯನ್ನು ನಂಬಬಹುದೇ ಎಂದು ಕೇಳಿದರು. ನಾನು ಎರಡೂ ಸೆನ್ಸರ್ ಅಂದೇ ಬೆಳಿಗ್ಗೆ ತಾಳೆ ನೋಡಿದ್ದೆ. ಮೊಬೈಲಿನ ಕ್ಯಾಲ್ಕುಲೇಟರನ್ನು ಅಡ್ಡ ತಿರುಗಿಸಿ, ಎಲ್‌ಎನ್ ಗುಂಡಿ ಒತ್ತಿ, ಕೈಯಿಂದಲೂ ಮಾಡಿ ನೋಡಿದೆ. ಅದೇ ಬಂತು. ನಂಬಬಹುದು ಎಂದೆ. ಲೆಕ್ಕ ತಪ್ಪಾಗಿದ್ದರೆ ಚೆನ್ನಾಗಿತ್ತು.

ಮಧ್ಯ ಮುಂಬೈಯ ಇನ್ನೊಂದು ಆಸ್ಪತ್ರೆಯವರು ತಮ್ಮ ಫ್ರೀಜರಿನಲ್ಲಿ ಜಾಗ ಕೊಡುವುದಾಗಿ ಹೇಳಿದ್ದರು. ಸಬ್‌ವೇ ನೀರಿನಿಂದ ತುಂಬಿತ್ತು, ಹೈವೇಗೆ ಹೋಗುವ ರಸ್ತೆಯಲ್ಲಿ ಬಸ್ಸುಗಳೇ ನಿಂತಿದ್ದವು. ಆಂಬುಲೆನ್ಸ್ ಡ್ರೈವರ್ ಗೇಟಿನವರೆಗೆ ಹೋಗಿ ತಿರುಗಿ ಬಂದ.

"ಹಾಗಾದರೆ ಮಂಜುಗಡ್ಡೆ" ಎಂದರು ಡಾಕ್ಟರ್. "ಎದುರಿನ ಹೋಟೆಲಿನಲ್ಲಿ ಮೂಟೆಗಟ್ಟಲೆ ಇರುತ್ತದೆ. ತಂದು ತುಂಬೋಣ."

ನಾನು ಬೇಡವೆಂದೆ. ಹೋಟೆಲಿನ ಮಂಜುಗಡ್ಡೆ ಸೊನ್ನೆ ಡಿಗ್ರಿಯದು. ನಮ್ಮ ಮಿತಿ ಮೈನಸ್ ಐದು, ಫ್ರೀಜರಿನ ಒಳಗೆ ಅದಕ್ಕಿಂತ ಎಷ್ಟೋ ಕಡಿಮೆ. ಅದನ್ನು ಒಳಗೆ ಹಾಕಿದರೆ ತಂಪಾಗುವುದಿಲ್ಲ, ಬಿಸಿಯಾಗುತ್ತದೆ. ಅವರು ಒಂದು ಕ್ಷಣ ನನ್ನನ್ನು ನೋಡಿ, ಗೋಡೆಗೆ ಒರಗಿದರು. ಅವರ ಶೂಗಳಿಂದ ನೀರು ಇಳಿಯುತ್ತಿತ್ತು.

"ವಾರ್ಡಿನಲ್ಲಿ ಕೆಲವು ಕೂಸುಗಳಿಗೆ ಡಬ್ಬಿ ಹಾಲು ಕೊಟ್ಟರೆ ಕರುಳೇ ಕೊಳೆಯಬಹುದು" ಎಂದರು. "ಈ ವಾರ ಒಂದನ್ನು ಹಾಗೇ ಕಳಕೊಂಡಿದ್ದೇವೆ. ಕರೆಂಟ್ ಬರುವುದು ನಾಳೆಯೇ. ಏನಾದರೂ ಹೇಳಿ."

ಆಗ ನನ್ನ ಕಣ್ಣು ಹಸಿ ಫ್ರೀಜರಿನ ಮೇಲೆ ಇತ್ತು. ಉಪಾಯ ತಾನಾಗಿ ಹೊಳೆಯಿತು, ಹೊಳೆಯದಿದ್ದರೂ ಆಗುತ್ತಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ತಯಾರು ಫ್ರೀಜರಿಗೆ ಬೇಕಿದ್ದುದು ಅದರಷ್ಟೇ ತಣ್ಣಗಿರುವ ತೂಕ. ತೂಕ ಸೇರಿದರೆ ಅದು 'ಅರ್ಧ'ದಿಂದ 'ಭರ್ತಿ'ಗೆ ಬರುತ್ತದೆ, ಹೊತ್ತು ಎರಡು ಪಟ್ಟು ದಾಟುತ್ತದೆ. ಅಷ್ಟು ತಣ್ಣಗಿನ ವಸ್ತು ಆ ಇಡೀ ಕಟ್ಟಡದಲ್ಲಿ ಒಂದೇ ಇತ್ತು.

ಹೇಳಿದೆ. ತಯಾರು ಹಾಲಿನ ಬಾಟಲಿಗಳನ್ನು ನಡುವೆ ಒತ್ತಾಗಿ ಜೋಡಿಸುವುದು. ಸುತ್ತಲೂ, ಮೇಲೂ, ಗೋಡೆಗೆ ತಾಗುವಂತೆ ಹಸಿ ಹಾಲಿನ ಬಾಟಲಿಗಳು. ಹೊರಗಿನಿಂದ ಬರುವ ಬಿಸಿ ಮೊದಲು ಅವಕ್ಕೆ ತಟ್ಟುತ್ತದೆ. ಅವು ಕರಗುತ್ತವೆ. ಕರಗುವಷ್ಟು ಹೊತ್ತು ಒಳಗಿನವು ಉಳಿಯುತ್ತವೆ.

"ಹಸಿ ಹಾಲನ್ನು ಐಸ್ ಮಾಡುದಾ?" ಎಂದರು ಸಿಸ್ಟರ್.

ಡಾಕ್ಟರ್ ಅವರ ಕಡೆ ತಿರುಗಿ, ಹಸಿಯಲ್ಲಿ ಎಷ್ಟು ತಾಯಂದಿರದ್ದು ಇದೆ ಎಂದು ಕೇಳಿದರು. "ಅವರು ನನ್ನ ಕೈಯಲ್ಲಿ ಕೊಟ್ಟದ್ದು ಡಾಕ್ಟ್ರೇ" ಎಂದು ಸಿಸ್ಟರ್ ಕನ್ನಡದಲ್ಲೇ ಹೇಳಿದರು. ಡಾಕ್ಟರಿಗೆ ಕನ್ನಡ ಬರುವುದಿಲ್ಲ, ಆದರೂ ತಿಳಿಯಿತು. ಹಸಿ ಹಾಲನ್ನು ಇವತ್ತು ಕಾಯಿಸಲಾಗದು, ಪರೀಕ್ಷಿಸಲಾಗದು, ಕುಡಿಸಲಾಗದು; ತಯಾರು ಹಾಲಿನಿಂದ ಇವತ್ತು ಕೂಸುಗಳು ಬದುಕುತ್ತವೆ; ತೀರ್ಮಾನ ತನ್ನದು, ನಾಳೆ ಯಾರಾದರೂ ಕೇಳಿದರೆ ತನ್ನನ್ನು ಕೇಳಲಿ, ಎಂದರು. ಹೇಳಿ ವಾರ್ಡಿಗೆ ಹೊರಟುಹೋದರು.

ಮುಚ್ಚಳ ತೆರೆದಷ್ಟೂ ನಷ್ಟ. ಆದ್ದರಿಂದ ಮೊದಲು ನೆಲದ ಮೇಲೆ ಕಂಬಳಿ ಹಾಸಿ, ಎಲ್ಲಿ ಯಾವುದು ಎಂದು ಮಾತಾಡಿ ಗೊತ್ತು ಮಾಡಿಕೊಂಡೆವು. ರಿಪೋರ್ಟ್ ಬಂದಿದ್ದ ತಾಯಂದಿರ ಹಸಿ ಹಾಲು ತಯಾರು ಹಾಲಿಗೆ ಹತ್ತಿರದ ಸುತ್ತಿನಲ್ಲಿ. ಅದರಲ್ಲಿ ಸ್ವಲ್ಪವಾದರೂ ಉಳಿಯಬಹುದು. ರಿಪೋರ್ಟ್ ಬರದವರದ್ದು ಎಲ್ಲಕ್ಕಿಂತ ಹೊರಗೆ. ಸಿಸ್ಟರ್ ತೆಗೆದು ಕೊಡುವುದು, ನಾನು ಜೋಡಿಸುವುದು. ಕೈಗವಸು ಹಾಕಿದ್ದರೂ ಬೆರಳುಗಳು ಮರಗಟ್ಟಿದವು. ಫ್ರೀಜರಿನ ಆವಿ ಮುಖಕ್ಕೆ ಬಡಿಯುತ್ತಿತ್ತು. ಬೆನ್ನ ಮೇಲೆ ಬೆವರು ಹರಿಯುತ್ತಿತ್ತು.

ನಡುವೆ ಸಿಸ್ಟರ್ ಕೈ ನಿಂತಿತು. ಹಳದಿ ಹಾಲಿನ ಒಂದು ಬಾಟಲಿ.

"ಇದು ನಿಮ್ಮ ಊರ ಕಡೆಯವಳದ್ದು. ಮೊದಲ ದಿನದ್ದು." ಲೇಬಲ್ ಮೇಲಿನ ಹಿಮ ಒರೆಸಿ, "ಒಳಗೆ ಇಡುದಾ?" ಎಂದರು.

ಅವರು ನನ್ನ ಅನುಮತಿಯನ್ನೇನೂ ಕೇಳುತ್ತಿರಲಿಲ್ಲ. ಬಾಟಲಿ ತಯಾರಿನ ಪಕ್ಕ ಇಟ್ಟಿದ್ದರೆ ನಾನೂ ನೋಡದವಳಂತೆ ಇರುತ್ತಿದ್ದೆ. ಆದರೆ ಅದು ಕೂತ ಜಾಗದಲ್ಲಿ ರಿಪೋರ್ಟ್ ಬಂದ ಇನ್ನಾವಳದೋ ಬಾಟಲಿ ಹೊರಗೆ ಹೋಗಬೇಕು. "ರಿಪೋರ್ಟ್ ಬಂದಿಲ್ಲವಲ್ಲ ಸಿಸ್ಟರ್" ಎಂದೆ. ನನ್ನ ಬಾಯಿಂದಲೇ ಬಂತು. ಅವರು ತಲೆಯಾಡಿಸಿ ಕೊಟ್ಟರು. ನಾನು ಅದನ್ನು ಗೋಡೆಗೆ ತಾಗಿಸಿ ಇಟ್ಟೆ. ಅವಳ ಉಳಿದ ಬಾಟಲಿಗಳೂ ಅಲ್ಲೇ ಸಾಲಾಗಿ ಕೂತವು. ಫ್ರೀಜರ್ ತುಂಬಿತು. ಹಿಡಿಸದೇ ಉಳಿದವು ಹಸಿ ಫ್ರೀಜರಿನ ತಳದಲ್ಲಿ ಬಿಟ್ಟಂತೆಯೇ ಉಳಿದವು.

ಮುಚ್ಚಳ ಹಾಕಿ, ಸುತ್ತ ಕಂಬಳಿ ಸುತ್ತಿ, ಪರದೆಯ ಮೇಲೆ 'ಭರ್ತಿ' ಒತ್ತಿದೆ. ಅಂಕಿ ಒಂದೇ ಏಟಿಗೆ ಮೇಲಕ್ಕೆ ಹಾರಿತು. ಸಿಸ್ಟರ್ ಅದನ್ನು ನೋಡಲಿಲ್ಲ. ಕುರ್ಚಿಯ ಮೇಲೆ ಕೂತು ಕೈಗವಸು ಕಳಚಿ, ಬೆರಳು ತಿಕ್ಕಿಕೊಳ್ಳುತ್ತಿದ್ದರು.

ಕತ್ತಲಾಗುವ ಮುನ್ನ ಪ್ಯಾನೆಲ್ಲಿನ ಬ್ಯಾಟರಿಯೂ ಮುಗಿದು ಪರದೆ ಆರಿತು. ಆಮೇಲೆ ಸೆಲ್ ಹಾಕುವ ಥರ್ಮಾಮೀಟರೊಂದರ ತಂತಿಯನ್ನು ನಡುವಿನವರೆಗೆ ಇಳಿಸಿ, ಮೊಬೈಲಿನಲ್ಲೇ ಲೆಕ್ಕ. ವಾರ್ಡಿನಿಂದ ಹಾಲು ಕೇಳಿಕೊಂಡು ಬಂದಾಗ ಮಾತ್ರ ಮುಚ್ಚಳ ತೆರೆದೆವು.

ಮರುದಿನ ನೀರು ಇಳಿದು ಕರೆಂಟ್ ಬಂದಾಗ ನಡುವಿನ ಉಷ್ಣತೆ ಮಿತಿಗಿಂತ ಸ್ವಲ್ಪವೇ ಕೆಳಗಿತ್ತು. ತಯಾರು ಹಾಲು ಕಲ್ಲಿನಂತೆ ಗಟ್ಟಿ. ಅದರ ಸುತ್ತಿನವುಗಳಲ್ಲಿ ಕೆಲವು ಉಳಿದವು. ಗೋಡೆಯ ಸಾಲಿನವನ್ನು ಎತ್ತಿದರೆ ಒಳಗೆ ಕುಲುಕುತ್ತಿದ್ದವು. ಕರಗಿದ್ದನ್ನು ಮತ್ತೆ ಗಟ್ಟಿ ಮಾಡುವಂತಿಲ್ಲ. ಸಿಸ್ಟರ್ ಯಾರನ್ನೂ ಸಹಾಯಕ್ಕೆ ಕರೆಯದೆ ಒಂದೊಂದೇ ಬಾಟಲಿಯ ಮುಚ್ಚಳ ತೆಗೆದು ಸಿಂಕಿಗೆ ಸುರಿದರು, ನಲ್ಲಿ ಬಿಟ್ಟರು. ನಾನು ಬೆನ್ನು ತಿರುಗಿಸಿ ಪ್ಯಾನೆಲ್ಲಿನ ವೈರುಗಳನ್ನು ನೋಡುತ್ತಾ ನಿಂತೆ. ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಮಾಲೀಕರು ಬಹಳ ಖುಷಿಯಾದರು. ಡಾಕ್ಟರ್ ಫೋನ್ ಮಾಡಿ ಹೊಗಳಿದ್ದರಂತೆ. ಈ ಪ್ಯಾನೆಲನ್ನು ಬೇರೆ ಆಸ್ಪತ್ರೆಗಳಿಗೂ ತೋರಿಸೋಣ ಎಂದರು. ಆಯ್ತು ಎಂದೆ.

ಕೆಲವು ದಿನಗಳ ಮೇಲೆ ದೊಡ್ಡ ಬ್ಯಾಟರಿ ಹಾಕಲು ಮತ್ತೆ ಸಾಂತಾಕ್ರೂಜ್‌ಗೆ ಹೋದೆ. ಹೊರಗಿನ ಬೆಂಚಿನ ಮೇಲೆ ಅವಳು ಕೂತಿದ್ದಳು. ಸಿಸ್ಟರ್ ಬಾಗಿಲಲ್ಲೇ ನನ್ನನ್ನು ತಡೆದರು.

"ಅವಳ ರಿಪೋರ್ಟ್ ಬಂದಿದೆ. ಎಲ್ಲ ಸರಿ ಉಂಟು" ಎಂದರು. "ನಂಗೆ ಹೇಳ್ಲಿಕ್ಕೆ ಆಗುದಿಲ್ಲ. ಕೂಸುಗಳಿಗೆ ಉಪಯೋಗ ಆಯ್ತು ಅಂತ ಹೇಳಿಬಿಡಿ. ಸುಳ್ಳಲ್ಲ ಅದು."

ಸುಳ್ಳಲ್ಲ, ನಿಜ. ಹೇಳಲೆಂದೇ ಅವಳ ಪಕ್ಕ ಕೂತೆ. ಅವಳೇ ಮೊದಲು ಮಾತಾಡಿದಳು.

"ಇಲ್ಲಿಂದ ಹೊಂಟೀವ್ರಿ ಅಕ್ಕಾರ. ನಮ್ಮನ್ನ ಕೆಲಸಕ್ಕ ಹಚ್ಚೂ ಮುಕಾದಮ್ ಪನವೇಲ್ ಕಡಿ ಕೆಲಸ ಹಿಡ್ದಾನ. ಹೋಗೂದ್ರೊಳಗ ಒಂದು ಮಾತು ಕೇಳೂನಂತ ಬಂದೆ. ನನ್ನ ಹಾಲು ಯಾವ ಕೂಸಿಗಿ ಹಾಕಿದ್ರಿ? ಗಂಡೋ, ಹೆಣ್ಣೋ?"

ಉಪಯೋಗ ಆಯ್ತು ಎನ್ನುವುದು ಇದಕ್ಕೆ ಉತ್ತರವಾಗುತ್ತಿರಲಿಲ್ಲ. ಗಂಡು ಎನ್ನಬಹುದಿತ್ತು, ಹೆಣ್ಣು ಎನ್ನಬಹುದಿತ್ತು. ಅವಳು ಅದನ್ನು ಪನವೇಲಿಗೂ, ಮುಂದೆ ಊರಿಗೂ ಕಟ್ಟಿಕೊಂಡು ಹೋಗುತ್ತಿದ್ದಳು. ಇದ್ದದ್ದನ್ನು ಇದ್ದಂತೆ ಹೇಳಿದೆ. ಮಳೆ, ಕರೆಂಟು, ಎರಡು ಫ್ರೀಜರ್, ಅವಳ ಬಾಟಲಿಗಳು ಎಲ್ಲಿ ಕೂತವು, ಏಕೆ. ಹಾಗೆ ಮಾಡಿ ಎಂದವಳು ನಾನೇ ಎಂದೂ, ಇಟ್ಟದ್ದು ನನ್ನ ಕೈ ಎಂದೂ ಹೇಳಿದೆ.

ಅವಳು ನೆಲ ನೋಡುತ್ತಾ ಕೇಳಿದಳು. ಮುಗಿದ ಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ಹಂಗಾರ ಒಂದು ಹನಿನೂ ಯಾರ ಬಾಯಾಗೂ ಹೋಗಲಿಲ್ಲೇನ್ರಿ?"

"ಇಲ್ಲ ತಂಗಿ."

"ಇನ್ನೊಮ್ಮಿ ಕೊಡ್ತಿದ್ದೆ. ಈಗ ಬತ್ತ್ಯಾವ್ರಿ."

ಬೆಂಚಿನಿಂದ ಎದ್ದು ಅವಳು ತಾನಾಗಿಯೇ, "ಆ ಬ್ಯಾರೆ ಕೂಸುಗಳು ಉಳದಾವಲ್ರಿ? ಅವನ್ನರೆ ತೋರಸ್ರಿ" ಎಂದಳು.

ಹೊರಗಿನವರನ್ನು ವಾರ್ಡಿಗೆ ಬಿಡುವುದಿಲ್ಲ. ಸಿಸ್ಟರ್ ಯಾರನ್ನೂ ಕೇಳದೆ, ಅವಳ ಹೆಗಲ ಮೇಲೆ ಕೈಯಿಟ್ಟು ಬಾಗಿಲಿನ ಸಣ್ಣ ಗಾಜಿನವರೆಗೆ ಕರೆದೊಯ್ದರು. ನಾನು ಹಿಂದೆ ನಿಂತೆ. ಒಳಗೆ ಒಬ್ಬ ನರ್ಸ್ ಪೆಟ್ಟಿಗೆಯ ಪಕ್ಕ ನಿಂತು, ಮೂಗಿನಲ್ಲಿ ನಳಿಗೆಯಿದ್ದ ಕೂಸೊಂದಕ್ಕೆ ಹಾಲು ಕೊಡುತ್ತಿದ್ದಳು. ನಳಿಗೆಯ ಮೇಲ್ತುದಿಗೆ ಒಂದು ಸಿರಿಂಜ್, ಅದರಲ್ಲಿ ಎರಡು ಚಮಚದಷ್ಟು ಹಾಲು. ಅದನ್ನು ಒತ್ತುವುದಿಲ್ಲ. ಎತ್ತರಕ್ಕೆ ಹಿಡಿದುಕೊಂಡರೆ ತಾನಾಗಿ ಇಳಿಯುತ್ತದೆ.

"ಇದು ಯಾರ ಹಾಲ್ರಿ?" ಎಂದು ಅವಳು ಕೇಳಿದಳು.

"ಗೊತ್ತಾಗುದಿಲ್ಲಮ್ಮ" ಎಂದರು ಸಿಸ್ಟರ್. "ಬೇರೆ ಬೇರೆ ತಾಯಂದಿರದ್ದು ಕೂಡಿಸಿ ಕಾಯಿಸ್ತೇವೆ."

ಈ ಸಲ ಅವರ ಕನ್ನಡ ಅವಳಿಗೆ ತಿಳಿಯಿತೆಂದು ಕಾಣುತ್ತದೆ. ಹಣೆಯನ್ನು ಗಾಜಿಗೆ ಒತ್ತಿದಳು. ಗಂಡ ಮೆಟ್ಟಿಲ ಬಳಿ ಬಂದು ಎರಡು ಸಲ ಕರೆದ, ಟ್ರೇನಿಗೆ ಹೊತ್ತಾಯಿತೆಂದು. ಅವಳು ತಿರುಗಿ ನೋಡಲಿಲ್ಲ. ಸಿರಿಂಜಿನ ಹಾಲು ಬಹಳ ನಿಧಾನವಾಗಿ ಇಳಿಯುತ್ತಿತ್ತು. ಅದು ಪೂರ್ತಿ ಇಳಿದು, ನರ್ಸ್ ನಳಿಗೆಯ ಬಾಯಿ ಮುಚ್ಚುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.